ಫೋಟೋದ ಅಂಚಿನ ಕೈ

ಸೋಮವಾರ ಬೆಳಿಗ್ಗೆ 10.20ಕ್ಕೆ ಕೊಳಚೆ ನೀರು ಶುದ್ಧೀಕರಣ ಘಟಕದ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಜಲಾಶಯಕ್ಕೆ ಬಿಡುವ ನೀರಿನಲ್ಲಿ ಮೂರು ದಿನಗಳಿಂದ ರಂಜಕ ಮಿತಿಯ ಮೂರು ಪಟ್ಟು ಇದೆ. ಹೀಗೇ ಬಿಟ್ಟರೆ ಊರು ಕುಡಿಯುವ ನೀರು ಪಾಚಿಗಟ್ಟುತ್ತದೆ. ರಂಜಕವನ್ನು ತಳಕ್ಕಿಳಿಸುವ ಪಟಿಕದ ಪಂಪನ್ನು ಅದನ್ನು ನಡೆಸುವ ಆಪರೇಟರಮ್ಮನೇ ನಿಲ್ಲಿಸಿರಬೇಕು ಎಂಬುದು ಅವರ ಅನುಮಾನ. ಅವಳನ್ನು ಆಗಲೇ ಅಮಾನತು ಮಾಡಿದ್ದರು. ಎಫ್‌ಐಆರ್ ದಾಖಲಾಯಿತು.

11.45ಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಘಟಕ ತಲುಪಿದರು. ವಿಚಾರಣೆಗೆಂದು ಅಲ್ಲೇ ಕೂರಿಸಿದ್ದ ಆಪರೇಟರಮ್ಮ ಅತ್ತು ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು.

"ಪಂಪ್ ನಿಲ್ಲಿಸಿದ್ಯಾ?"

"ಒಂದು ಗಳಿಗೆನೂ ಇಲ್ಲ ಸಾರ್. ಈ ಕೆಲಸ ಹೋದ್ರೆ ನನಗೆ ಬೇರೆ ಏನೂ ಬರಲ್ಲ."

ಪಟಿಕದ ತೊಟ್ಟಿಗೆ ಕೋಲಿಳಿಸಿ ಅಳೆದರು. ಖರ್ಚಾಗಬೇಕಾದಷ್ಟೇ ಖರ್ಚಾಗಿತ್ತು. ಪಂಚನಾಮೆಯಲ್ಲಿ ಅದನ್ನೇ ಬರೆಸಿದರು.

ನೀರು ಪರೀಕ್ಷಿಸುವ ಘಟಕದ ಲ್ಯಾಬಿನ ಗೋಡೆಯ ಮೇಲೆ ಆಪರೇಟರಮ್ಮನ ದೊಡ್ಡ ಫೋಟೋ. ರಂಜಕ ಇಳಿಸಿದ್ದಕ್ಕೆ ಬಹುಮಾನ ಬಂದಾಗ ತೆಗೆದದ್ದು. ಅಂಚಿನಲ್ಲಿ ತಿಳಿನೀರಿನ ಬಾಟಲಿ ಹಿಡಿದ ಬೇರೊಬ್ಬರ ಕೈ. ಹೆಬ್ಬೆರಳಿನಲ್ಲಿ ಸುಟ್ಟ ಕಲೆ.

"ಈ ಕೈ ಯಾರದು?"

"ಯಾರದೋ ಸಾರ್, ನೆನಪಿಲ್ಲ," ಎಂದಳು ಆಪರೇಟರಮ್ಮ.

ಸಿಂಕಿನ ಬಳಿ ಬಾಟಲಿ ತೊಳೆಯುತ್ತಿದ್ದ ಲ್ಯಾಬಿನಾಕೆ ತಿರುಗಿ ನೋಡಲಿಲ್ಲ. ಆಕೆ ಆಪರೇಟರಮ್ಮನ ಒಡಹುಟ್ಟಿದ ಅಕ್ಕ.

ಪೇದೆ ಅಂಗಡಿಯಿಂದ ಹೊಸ ಬಾಟಲಿ ತಂದು, ಜಲಾಶಯಕ್ಕೆ ಬಿಡುವ ನೀರನ್ನು ತಾನೇ ಹಿಡಿದು ಬೇರೆ ಲ್ಯಾಬಿಗೆ ಕಳಿಸಿದಳು. ಮಂಗಳವಾರ 3.10ಕ್ಕೆ ವರದಿ ಬಂತು: ರಂಜಕ ಮಿತಿಯೊಳಗಿದೆ. ನೀರು ತಪ್ಪು ಮಾಡಿರಲಿಲ್ಲ. ಹಾಗಾದರೆ ಉಳಿದದ್ದು ಬಾಟಲಿ.

ಘಟಕದ ಲ್ಯಾಬಿನಿಂದ ಜಪ್ತಿ ಮಾಡಿದ ಬಾಟಲಿಗಳನ್ನು ಪೇದೆ ಮೂಸಿದಳು. "ಸಾರ್, ಇದು ಬಟ್ಟೆ ಒಗೆಯೋ ಪುಡಿ. ಭಾನುವಾರ ಪೂರ್ತಿ ನನ್ನ ಮೂಗಲ್ಲಿ ಇದೇ ವಾಸನೆ."

ಆ ಪುಡಿಯಲ್ಲೇ ರಂಜಕ ಇರುತ್ತದಂತೆ. ಅದಕ್ಕೇ ಈ ಬಾಟಲಿಗಳನ್ನು ಆಮ್ಲದಲ್ಲಿ ಮಾತ್ರ ತೊಳೆಯುವುದು ಲ್ಯಾಬಿನ ಪದ್ಧತಿ. ಆದರೆ ಒಂದು ಬಾಟಲಿಗೆ ವಾಸನೆ ಇರಲಿಲ್ಲ. ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಪ್ರತಿದಿನ ಶುದ್ಧ ನೀರು ತುಂಬಿಡುವ ಬಾಟಲಿ ಅದು. ಗೊತ್ತಿಲ್ಲದವರು ತೊಳೆದಿದ್ದರೆ ಅದಕ್ಕೂ ಪುಡಿ ಹಾಕುತ್ತಿದ್ದರು; ಇದು ಲ್ಯಾಬಿನ ಕೆಲಸ ಬಲ್ಲವರ ಕೈ.

4.15. ಠಾಣೆಯಲ್ಲಿ ಅಕ್ಕ ಇನ್‌ಸ್ಪೆಕ್ಟರ್ ಎದುರು ಕೂತಿದ್ದಳು.

"ಇದೊಂದನ್ನ ಯಾಕೆ ಬಿಟ್ಟೆ?"

"ಅದನ್ನ ಕೆಡಿಸೋಕೆ ಕೈ ಬರ್ಲಿಲ್ಲ ಸಾರ್. ಹದಿನೆಂಟು ವರ್ಷದ ಕೆಲಸ."

"ತಂಗಿ ಮೇಲೆ ಯಾಕಮ್ಮ?"

"ಪಟಿಕ ಎಷ್ಟು ಹಾಕ್ಬೇಕು ಅಂತ ಲೆಕ್ಕ ಹಿಡಿದೋಳು ನಾನು. ಅವಳಿಗೆ ಕಲಿಸಿದೋಳೂ ನಾನೇ. ಬಹುಮಾನ ಅವಳಿಗೆ. ದಿನಾ ಆ ಫೋಟೋ ಕೆಳಗೇ ಬಾಟ್ಲಿ ತೊಳೀಬೇಕು, ಹೊಟ್ಟೆ ಉರಿಯುತ್ತೆ ಸಾರ್, ಸುಳ್ಳು ಯಾಕೆ ಹೇಳ್ಲಿ."

ಬಂಧನ ಪತ್ರಕ್ಕೆ ಸಹಿ ಹಾಕಲು ಅವಳು ಪೆನ್ನು ಹಿಡಿದಳು. ಹೆಬ್ಬೆರಳಿನಲ್ಲಿ ಆಮ್ಲ ಸುಟ್ಟ ಕಲೆ.

"ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೀತ ದಾಯಾದಿಗಳು ಅಂತಾರೆ," ಪೇದೆ ಮೆಲ್ಲಗೆ ಅಂದಳು. "ಅಕ್ಕತಂಗೀರನ್ನ ಯಾಕೋ ಬಿಟ್ಟಿದ್ದಾರೆ."

ಬಾಗಿಲಲ್ಲಿ ತಂಗಿ ನಿಂತಿದ್ದಳು. ಅವಳ ಕಣ್ಣು ಆ ಹೆಬ್ಬೆರಳ ಮೇಲೆ ನೆಟ್ಟಿತ್ತು.

"ಆ ಕೈ ಯಾರದು ಅಂತ ಮೊದಲು ಕೇಳಿದ್ದು ನೀವೇ ಸಾರ್," ಎಂದಳು ಅಕ್ಕ. "ಅವಳು ಯಾರದೋ ಅಂದ್ಳು."