ಪಡುವಣ ಕಿಟಕಿಯ ವಿಮರ್ಶಕ

"ಕಾಲಿಡಬೇಡಿ! ಅಲ್ಲೇ ನಿಲ್ಲಿ!"

ಎತ್ತಿದ ಬಲಗಾಲನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಅಳಿಯ ಬಾಗಿಲಲ್ಲೇ ಕೊಕ್ಕರೆಯಂತೆ ನಿಂತ. ಕೆಂಪು ಬಲ್ಬಿನ ಮಬ್ಬಿನಲ್ಲಿ ನೆಲವೇ ಹರಿದಾಡುತ್ತಿರುವಂತಿತ್ತು. ಇರುವೆ ಸಾಕುವ ಗಾಜಿನ ಗೂಡೊಂದು ಬಿದ್ದು ಚೂರಾಗಿತ್ತು. ಅದರ ಪಕ್ಕ ಮಂಡಿಯೂರಿದ ಸಂಶೋಧಕಿ ಸಕ್ಕರೆ ಸಣ್ಣ ಬ್ರಷ್ಷಿನಿಂದ ಇರುವೆಗಳನ್ನು ಒಂದೊಂದಾಗಿ ಡಬ್ಬಿಗೆ ಹತ್ತಿಸುತ್ತಿದ್ದಳು.

"ರಾಣಿ ಸಿಕ್ಕರೆ ಸಾಕು. ಉಳಿದೋರು ಅವಳ ಹಿಂದೇನೇ ಬರ್ತಾರೆ. ಆ ಬೀರು ಕೆಳಗೆ ಒಂಚೂರು ನೋಡ್ತೀರಾ?"

ಹೊಟ್ಟೆ ಬಂದ ಲೈಬ್ರರಿಯನ್ ನೆಲದ ಮೇಲೆ ಬೋರಲು ಮಲಗುವುದು ಸುಲಭದ ಕೆಲಸವಲ್ಲ. ಆದರೂ ಮಲಗಿದ. ಬೀರುವಿನ ಕೆಳಗೆ ಯಾವ ಕಾಲದ್ದೋ ಜೇನುಮೇಣದ ಉಂಡೆ ಬಿದ್ದಿತ್ತು. ಅದರ ಮಗ್ಗುಲಲ್ಲಿ ರಾಣಿ ಇದ್ದಳು, ತವರಿಗೆ ಹೋಗುವ ಬಸ್ಸು ತಪ್ಪಿದವಳ ಹಾಗೆ ಸುಮ್ಮನೆ ಕೂತು.

"ಸಿಕ್ಕಿದ್ಳು," ಎಂದ. "ಆದ್ರೆ ಇದು ಹೇಗೆ ಬಿತ್ತು?"

"ಸಂಶೋಧನಾ ಪತ್ರಿಕೆಯಿಂದ ಮೇಲ್ ಬಂತು. ಒಂದು ಕೈಯಲ್ಲಿ ಗೂಡು, ಒಂದು ಕೈಯಲ್ಲಿ ಮೊಬೈಲು. ಓದ್ತಾ ಓದ್ತಾ ಕೈ ಬಿಟ್ಟುಹೋಯ್ತು." ಅವಳು ಅಳುತ್ತಿರಲಿಲ್ಲ. ಅಳುವುದಕ್ಕೂ ಪುರುಸೊತ್ತಿಲ್ಲದವಳಂತೆ ಬ್ರಷ್ಷು ಆಡಿಸುತ್ತಿದ್ದಳು. "ಪೇಪರ್ ಮೂರನೇ ಸಲ ವಾಪಸ್ಸು, ಅಳಿಯಂದಿರೇ. ಇನ್ನೊಂದು ವರ್ಷದ ಪ್ರಯೋಗ ಮಾಡಿ ತರಬೇಕಂತೆ."

ಸಕ್ಕರೆನೀರಿನ ಬಾಟಲಿ ಸದಾ ಕೈಯಲ್ಲಿರುವುದರಿಂದ ಈ ಸಂಶೋಧಕಿಗೆ ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡವೆಲ್ಲ ಇಟ್ಟ ಹೆಸರು ಸಕ್ಕರೆ. ಗೂಡಿನ ಹೊರಗೆ ದುಡಿಯುವ ಇರುವೆಗಳನ್ನು ತೆಗೆದುಬಿಟ್ಟರೆ, ಎಂದೂ ಹೊರಗೆ ಕಾಲಿಡದ ಒಳಗಿನ ಎಳೆ ಇರುವೆಗಳು ಏನು ಮಾಡುತ್ತವೆ? ಇದು ಅವಳ ಪ್ರಶ್ನೆ. ಎರಡು ದಿನ ಉಪವಾಸವಿದ್ದು, ಮೂರನೆಯ ದಿನ ತಾವೇ ಹೊರಡುತ್ತವೆ ಎಂಬುದು ಉತ್ತರ. ಅದನ್ನು ಪೇಪರ್ ಮಾಡಿ ಪತ್ರಿಕೆಗೆ ಕಳಿಸಿ ಬಹಳ ಕಾಲವಾಗಿತ್ತು. ಒಂದು ಪೇಪರಾದರೂ ಒಪ್ಪಿಗೆಯಾಗದೆ ಥೀಸಿಸ್ ಕೊಡುವಂತಿಲ್ಲ. ಈ ತಿಂಗಳ ಕೊನೆಗೆ ಅವಳ ನೋಂದಣಿ ಮುಗಿಯುತ್ತದೆ, ಮುಂದಕ್ಕೆ ಹಾಕಲು ಅವಕಾಶವಿಲ್ಲ. ಮುಗಿದರೆ ಅವಳ ಯೌವನದ ಒಳ್ಳೆಯ ಭಾಗ ಈ ನೆಲಮಾಳಿಗೆಯ ಕತ್ತಲಲ್ಲಿ ಸುಮ್ಮನೆ ಕರಗಿಹೋದಂತೆ.

"ಬಾ," ಎಂದ ಅಳಿಯ, ಷರ್ಟಿನ ಧೂಳು ಕೊಡವುತ್ತ. "ಅತ್ತೆ ಹತ್ರ ಹೋಗೋಣ."

ಅತ್ತೆ ಅವನ ತಂದೆಯ ಸ್ವಂತ ತಂಗಿ. ಆದರೆ ಕಟ್ಟಡದಲ್ಲಿ ಎಲ್ಲರಿಗೂ ಅತ್ತೆಯೇ, ಹಾಗಾಗಿ ಅವನು ಎಲ್ಲರಿಗೂ ಅಳಿಯ. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೂ ಅವಳು ತನ್ನ ಕೋಣೆ ಬಿಟ್ಟಿರಲಿಲ್ಲ. ಬೀಗದ ಕೈ ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಕಳೆದುಹೋದ ಸೂಕ್ಷ್ಮದರ್ಶಕ, ಬಯಲಾದ ಪ್ರಶ್ನೆಪತ್ರಿಕೆ, ಹೀಗೆ ಕಟ್ಟಡದ ಕಳ್ಳತನಗಳೆಲ್ಲ ಕೊನೆಗೆ ಅವಳ ಮೇಜಿಗೇ ಬರುತ್ತಿದ್ದವು.

ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸಿದ ವಿಮರ್ಶಕನ ವರದಿಯನ್ನು ಅತ್ತೆ ಸಕ್ಕರೆಯ ಮೊಬೈಲಿನಲ್ಲಿ ನಿಧಾನವಾಗಿ ಓದಿದಳು.

"ಯಾರಮ್ಮ ಈ ಮಹಾನುಭಾವ?"

"ಗೊತ್ತಿಲ್ಲ ಅತ್ತೆ. ವಿಮರ್ಶಕರ ಹೆಸರು ಪತ್ರಿಕೆಯೋರು ಹೇಳಲ್ಲ. ಒಬ್ಬರು ಮೊದಲ ಸುತ್ತಲ್ಲೇ ಒಪ್ಪಿದ್ರು. ಇವರೊಬ್ಬರೇ ಪ್ರತೀ ಸಲ ಹೊಸ ಪ್ರಯೋಗ ಕೇಳೋದು."

"ಈ ಸಲ ಏನಂತೆ? 'ಎಳೆಯ ಇರುವೆಗಳು ಹೊರಬಂದಿದ್ದು ಹಸಿವಿನಿಂದಲೇ ಎಂದು ಹೇಗೆ ನಂಬುವುದು? ಪಡುವಣ ಕಿಟಕಿಯ ಸಂಜೆಬಿಸಿಲಿಗೆ ಗೂಡು ಕಾದು ಹೊರಬಂದಿರಬಾರದೇಕೆ?'"

"ಓದದೇ ಬರೆದಿದ್ದಾರೆ ಅತ್ತೆ! ಕಿಟಕಿಯೇ ಇಲ್ಲ ನಮ್ಮ ಕೋಣೆಗೆ."

"ಪೇಪರಲ್ಲಿ ಕೋಣೆ ಬಗ್ಗೆ ಏನು ಬರೆದಿದ್ದೀಯ?"

"ಸ್ಥಿರ ಉಷ್ಣತೆಯ ಕೋಣೆ ಅಂತ. ಅಷ್ಟೇ. ಪದಮಿತಿ ಇತ್ತು."

ಅತ್ತೆ ಕನ್ನಡಕವನ್ನು ಸೀರೆಯ ಸೆರಗಿನಲ್ಲಿ ಒರೆಸಿದಳು. ಇದು ಒಳ್ಳೆಯ ಲಕ್ಷಣವಲ್ಲವೆಂದು ಅಳಿಯನಿಗೆ ಅನುಭವದಿಂದ ಗೊತ್ತಿತ್ತು.

"ಓದದೇ ಬರೆಯೋನು ಕಿಟಕಿ ಅಂದಾನು. ಪಡುವಣ ಅನ್ನೋದು ಎಲ್ಲಿಂದ ಬಂತು? ಇರುವೆಗಳು ಮೊದಲು ಎಲ್ಲಿದ್ವು?"

ಸಕ್ಕರೆಯ ಮುಖ ಬಿಳಿಚಿತು. "ಮೇಲಿನ ಮಹಡೀಲಿ. ಆ ಕೋಣೆಗೆ ಪಡುವಣಕ್ಕೇ ದೊಡ್ಡ ಕಿಟಕಿ. ಚಾವಣಿ ಸೋರಿತು ಅಂತ ಎರಡು ವರ್ಷದ ಹಿಂದೆ ರಜೇಲಿ ಕೆಳಗೆ ತಂದ್ವಿ. ಈ ಪೇಪರಿನ ಕೆಲಸ ಪೂರ್ತಿ ಕೆಳಗೇ ಮಾಡಿದ್ದು." ಅತ್ತೆಯ ಕಡೆ ಬಾಗಿ ಕೇಳಿದಳು, "ಅಂದ್ರೆ ಇವರು ನಮ್ಮ ಕಟ್ಟಡದೋರೇ?"

ಅತ್ತೆ ಎದ್ದು ಚಪ್ಪಲಿ ಮೆಟ್ಟಿದಳು. "ಹೊರಡೋ ಅಳಿಯ," ಎಂದಳು. "ನಾಲ್ಕು ಜನರನ್ನ ಮಾತಾಡಿಸ್ಕೊಂಡು ಬರೋಣ."

ಮೊದಲು ಸಿಕ್ಕವರು ಜೇನು ಮೇಷ್ಟ್ರು. ಮೂವತ್ತು ವರ್ಷ ಜೇನು ಸಾಕಿದರೂ ನಾಲಿಗೆಗೆ ಒಂದು ಹನಿಯೂ ತಾಗದ ಮನುಷ್ಯ.

"ಅವಳ ಪೇಪರ್ ಬೇಗ ಆಗ್ಲಿ ಅಂತ ನನ್ನಷ್ಟು ಬೇಡ್ಕೊಳ್ಳೋರು ಯಾರೂ ಇಲ್ಲ," ಎಂದು ಗುರುಗುಟ್ಟಿದರು. "ನೆಲಮಾಳಿಗೆ ನನ್ನ ಗೋದಾಮು. ಪೆಟ್ಟಿಗೆಗಳನ್ನೆಲ್ಲ ಕಾರಿಡಾರಿಗೆ ಎಸೆದು ಇರುವೆ ತುಂಬಿದ್ರು. ಅವಳು ಹೋದ್ರೆ ನಂದು ನನಗೆ ವಾಪಸ್ಸು."

"ಅವಳ ಗೈಡ್ ಹತ್ರ ಹೇಳ್ಬೇಕಿತ್ತು," ಎಂದಳು ಅತ್ತೆ.

"ಆ ಮನುಷ್ಯನ ಜೊತೆ ಮಾತು ಬಿಟ್ಟು ಯಾವ ಕಾಲ ಆಯ್ತು! ಮುಖ ಕಂಡ್ರೆ ನಾನು ಆ ಕಡೆ, ಅವನು ಈ ಕಡೆ."

ಎರಡನೆಯವನು ಕನ್ನಡಕದಣ್ಣ. ಸಕ್ಕರೆಗಿಂತ ಮೊದಲೇ ಡಾಕ್ಟರಾಗಿ, ಕೆಲಸಕ್ಕೆ ಕಾಯುತ್ತ ಅದೇ ಲ್ಯಾಬಿನಲ್ಲಿ ಉಳಿದವನು. ಇರುವೆಗಳ ಗೂಡನ್ನು ಕೆಳಗೆ ಹೊತ್ತು ತಂದವನು, ಸಕ್ಕರೆ ಊರಿಗೆ ಹೋದಾಗ ಅವಕ್ಕೆ ಊಟ ಹಾಕುವವನು ಅವನೇ. ವಿಭಾಗದ ಖಾಲಿ ಹುದ್ದೆಗೆ ಅರ್ಜಿ ಹಾಕಿದ್ದಾನೆಂದೂ, ಸಕ್ಕರೆಗೆ ಡಿಗ್ರಿ ಬಂದರೆ ಅವಳೂ ಹಾಕುತ್ತಾಳೆಂದೂ ಅಳಿಯನಿಗೆ ಗೊತ್ತಿತ್ತು. ಹಾಳು ಅನುಮಾನಕ್ಕೆ ಅಷ್ಟು ಸಾಕು.

"ನನ್ನ ಮೇಲೆ ಅನುಮಾನಾನಾ ಅತ್ತೆ?" ಕನ್ನಡಕದಣ್ಣ ನಕ್ಕ, ಆದರೆ ನಗು ತುಟಿಯಲ್ಲೇ ಒಣಗಿತು. "ಈಗ ತಾನೇ ಕೆಳಗೆ ಹೋದ್ರೆ, ಅಷ್ಟರಲ್ಲೇ ಅವಳು ಇರುವೆ ಕೋಣೆಗೆ ಹೊಸ ಬೀಗ ಹಾಕಿದ್ದಾಳೆ. ನನ್ನ ಹತ್ರ ಇದ್ದ ಕೀಲಿ ಹಾಕಿದ್ರೆ ತಿರುಗ್ಲಿಲ್ಲ. ಅವಳು ನನ್ನನ್ನ ಅಣ್ಣಾ ಅಂತಾಳೆ."

ಅತ್ತೆ ಅವನ ಭುಜ ತಟ್ಟಿ ಮುಂದೆ ನಡೆದಳು. ಇಡೀ ಕಾರಿಡಾರ್ ತಮ್ಮನ್ನು ಕಿವಿಗೊಟ್ಟು ಕೇಳುತ್ತಿದೆ ಎನ್ನಿಸಿತು ಅಳಿಯನಿಗೆ. ತೆರೆದ ಬಾಗಿಲುಗಳು ತಾವು ಹಾದುಹೋದ ಮೇಲೆ ಮೆಲ್ಲಗೆ ಮುಚ್ಚುತ್ತಿದ್ದವು.

ನೆಲ ಅಂತಸ್ತಿನ ತುದಿಯಲ್ಲಿ ಸಕ್ಕರೆಯ ಗೈಡ್ ಆದ ಪ್ರೊಫೆಸರರ ವಿಶಾಲ ಕೋಣೆ. ಗೋಡೆಯ ಮೇಲೆ ವಿದೇಶಗಳ ಸಮ್ಮೇಳನದ ಫೋಟೋಗಳು. ಮೇಜಿನ ಮೇಲೆ ಅವರ ದೊಡ್ಡ ಯೋಜನೆಯ ಹೊಳಪು ಕಾಗದದ ಕೈಪಿಡಿ. ಈ ವರ್ಷದ ಕೊನೆಗೆ ಅದನ್ನು ಮುಂದುವರಿಸಬೇಕೇ ಎಂದು ನೋಡಲು ಸಮಿತಿ ಬರುವುದಿತ್ತು.

"ಅನ್ಯಾಯ," ಎಂದರು ಪ್ರೊಫೆಸರ್, ನಿಜವಾದ ಸಂಕಟದಿಂದ. "ಅವಳು ನನಗೆ ಮಗಳಿದ್ದ ಹಾಗೆ. ಆ ಪೇಪರಲ್ಲಿ ನನ್ನ ಹೆಸರೂ ಇದೆ. ನನಗೇನು ಕಡಿಮೆ ನೋವಾ? ಅವಳ ಜೊತೆಗೇ ಇದ್ದು ಪ್ರಯೋಗ ಮಾಡಿಸಿದ್ದೀನಿ."

"ಮಂಡಿನೋವು ಹೇಗಿದೆ ನಿಮಗೆ?"

"ಹಾಗೇ ಇದೆ. ಇರುವೆ ನೋಡೋಕೆ ಅಂತ ಮೇಲೆ ಹತ್ತಿದ ದಿನ ರಾತ್ರಿಯೆಲ್ಲ ನಿದ್ದೆ ಇಲ್ಲ. ಆದ್ರೂ ಬಿಡೋಕಾಗತ್ತಾ?"

"ಆಗಲ್ಲ, ಆಗಲ್ಲ," ಎಂದಳು ಅತ್ತೆ ಮೃದುವಾಗಿ.

ಹೊರಗೆ ಬಂದ ಮೇಲೆ ಅಳಿಯ ಪಿಸುಗುಟ್ಟಿದ: "ಇವರನ್ನ ಬಿಟ್ಟುಬಿಡಬಹುದು ಅತ್ತೆ. ಸ್ವಂತ ಹೆಸರಿರೋ ಪೇಪರಿಗೆ ಯಾರಾದ್ರೂ ಕಲ್ಲು ಹಾಕ್ಕೊಳ್ತಾರಾ?"

"ನೀನು ಪುಸ್ತಕ ಎಣಿಸೋದೇ ಒಳ್ಳೇದು ಕಣೋ," ಎಂದಳು ಅತ್ತೆ. ನಂತರ ಸಕ್ಕರೆಯನ್ನು ಕರೆಸಿ ಒಂದೇ ಒಂದು ಪ್ರಶ್ನೆ ಕೇಳಿದಳು: ಪೇಪರ್ ಕಳಿಸುವಾಗ ಯಾರಿಂದ ವಿಮರ್ಶೆ ಮಾಡಿಸಬಹುದೆಂದು ಲೇಖಕರೇ ಹೆಸರು ಸೂಚಿಸುತ್ತಾರಲ್ಲ, ಆ ಹೆಸರು, ಮೇಲ್ ವಿಳಾಸ ಕೊಟ್ಟವರು ಯಾರು? ಉತ್ತರ ಕೇಳಿ ಬಾಗಿಲು ಹಾಕಿಕೊಂಡು ಎಲ್ಲಿಗೋ ಫೋನು ಮಾಡಿದಳು. ಬಹಳ ಹೊತ್ತು ಮಾತಾಡಿ ಹೊರಬಂದಾಗ ಅಳಿಯನಿಗೆ ಅಪ್ಪಣೆಯಾಯಿತು:

"ನಾಳೆ ಹತ್ತು ಗಂಟೆಗೆ ಎಲ್ಲರೂ ಇರುವೆ ಕೋಣೆಗೆ ಬರಬೇಕು ಅಂತ ಹೇಳಿ ಬಾ. ಇಷ್ಟೇ ಮಾತು. ಒಂದಕ್ಷರ ಹೆಚ್ಚಾದ್ರೆ ನಿನ್ನ ಕಿವಿ ನನ್ನ ಕೈಲಿರುತ್ತೆ."

ಮರುದಿನ ಕೆಂಪು ಬೆಳಕಿನಲ್ಲಿ ಎಲ್ಲರ ಮುಖವೂ ತಪ್ಪಿತಸ್ಥರಂತೆಯೇ ಕಂಡಿತು. ಸಕ್ಕರೆ ಗೂಡುಗಳಿಗೆ ಅಡ್ಡವಾಗಿ, ಮನೆಬಾಗಿಲು ಕಾಯುವವಳಂತೆ ನಿಂತಿದ್ದಳು. ಜೇನು ಮೇಷ್ಟ್ರು ತಮ್ಮ ಕಳೆದುಹೋದ ಗೋದಾಮಿನ ಗೋಡೆಗಳನ್ನು ಆಸೆಯಿಂದ ನೋಡುತ್ತಿದ್ದರು. ಕನ್ನಡಕದಣ್ಣ ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದ.

"ಪ್ರೊಫೆಸರ್ ಬಂದಿಲ್ಲ," ಎಂದ ಅಳಿಯ.

"ಬರ್ತಾರೆ. ಕಾಯೋಣ."

ಕಾದರು. ಒಡೆಯದೆ ಉಳಿದ ಗೂಡುಗಳಲ್ಲಿ ಇರುವೆಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ತಲೆಯ ಮೇಲೆ ಎಲ್ಲೋ ಹೆಜ್ಜೆ ಸಪ್ಪಳ, ನಿಂತ ಹೆಜ್ಜೆ, ಮತ್ತೆ ಇಳಿಯುವ ಹೆಜ್ಜೆ. ಕೊನೆಗೆ ಮಂಡಿ ಹಿಡಿದುಕೊಂಡು, ಬೆವರಿಳಿಯುತ್ತ ಪ್ರೊಫೆಸರ್ ಬಾಗಿಲಲ್ಲಿ ಕಾಣಿಸಿಕೊಂಡರು. ಪ್ಯಾಂಟಿನ ತುಂಬ ಧೂಳು.

"ಇದೇನು? ಮೇಲೆ ನೋಡಿದ್ರೆ ಮುರಿದ ಬೆಂಚು ಪೇರಿಸಿದ್ದಾರೆ. ಯಾವನೋ ಜವಾನ ಕೆಳಗಿದ್ದಾರೆ ಅಂದ. ಇಲ್ಲಿಗೆ ಯಾವಾಗ..." ಮಾತು ಅರ್ಧಕ್ಕೇ ನಿಂತಿತು. ಅವರ ಕಣ್ಣು ಗೋಡೆಯಿಂದ ಗೋಡೆಗೆ ಹೋಯಿತು. ಎಲ್ಲೂ ಕಿಟಕಿ ಇರಲಿಲ್ಲ.

"ಕೂತ್ಕೊಳ್ಳಿ ಸಾರ್," ಎಂದಳು ಅತ್ತೆ. "ಎರಡು ವರ್ಷವಾದ್ರೂ ನೀವು ನೋಡದೇ ಇರೋ ನಿಮ್ಮ ಲ್ಯಾಬು ಇದು."

ಕನ್ನಡಕದಣ್ಣ ಒಂದು ಸ್ಟೂಲನ್ನು ಪ್ರೊಫೆಸರರ ಹಿಂದೆ ಸರಿಸಿದ.

"ಆ ವರದಿ ಓದಿದಾಗ ಮೊದಲು ನನಗೆ ಅನ್ನಿಸಿದ್ದು ಇದು," ಅತ್ತೆ ಪಾಠ ಮಾಡುವವಳಂತೆ ಶುರುಮಾಡಿದಳು. "ಪೇಪರ್ ಹಾಳಾಗಲಿ ಅನ್ನೋನು ಒಂದೇ ಏಟಿಗೆ ತಿರಸ್ಕರಿಸಿ ಅಂತ ಬರೀತಾನೆ. ಇವನು ಹಾಗೆ ಬರೆದಿಲ್ಲ. ಮತ್ತೊಂದು ಪ್ರಯೋಗ, ಮತ್ತಷ್ಟು ಕಾಲ ಅಂತಾನೆ. ಇವನಿಗೆ ಕೊಲ್ಲೋದು ಬೇಕಿಲ್ಲ, ಕಟ್ಟಿಹಾಕೋದು ಬೇಕು. ಜೇನು ಮೇಷ್ಟ್ರಿಗೆ ಇವಳು ಹೋದರೆ ಹಬ್ಬ. ಅವರಲ್ಲ."

"ಇಷ್ಟು ಹೊತ್ತಿಗಾದ್ರೂ ಗೊತ್ತಾಯ್ತಲ್ಲ," ಎಂದರು ಜೇನು ಮೇಷ್ಟ್ರು.

"ಎರಡನೇದು ಕಿಟಕಿ. ಹಳೇ ಕೋಣೆ ಕಂಡೋನು, ಹೊಸ ಕೋಣೆ ಕಾಣದೋನು ಮಾತ್ರ ಅದನ್ನ ಬರೀಬಲ್ಲ. ಈ ಕನ್ನಡಕದ ಹುಡುಗ ಬೇಕಂತಲೇ ದಾರಿ ತಪ್ಪಿಸಿರಬಹುದಲ್ಲ ಅಂತ ಯೋಚಿಸಿದೆ. ಆದ್ರೆ ಕಿಟಕಿ ಇಲ್ಲ ಅಂತ ಒಂದು ಸಾಲು ಬರೆದರೆ ಬಿದ್ದುಹೋಗೋ ಆಕ್ಷೇಪ ಅದು. ಕೋಣೆ ಗೊತ್ತಿದ್ದೋನು ಅಂಥ ಟೊಳ್ಳು ಆಕ್ಷೇಪ ಎತ್ತಲ್ಲ. ಇನ್ನು ನೀವು, ಸಾರ್. ಇರುವೆ ನೋಡೋಕೆ ಮೇಲೆ ಹತ್ತುತ್ತೀನಿ ಅಂದ್ರಿ. ಅದಕ್ಕೇ ಎಲ್ಲಿ ಅಂತ ಹೇಳದೆ ಕರೆಸಿದೆ. ಇವರಿಬ್ಬರೂ ನೇರ ಕೆಳಗೆ ಬಂದ್ರು. ನೀವು ನೇರ ಮೇಲೆ ಹೋದ್ರಿ."

"ನಾನು ಮೇಲ್ ಮಾಡಿದ್ದೆ ಸಾರ್," ಎಂದಳು ಸಕ್ಕರೆ, ಬಹಳ ಸಣ್ಣ ಧ್ವನಿಯಲ್ಲಿ. "ಕೋಣೆ ಬದಲಾಯಿಸಿದ್ದೀವಿ ಅಂತ. ನೀವು ವಿದೇಶದಲ್ಲಿದ್ರಿ."

"ವಿಮರ್ಶಕರ ಹೆಸರು, ವಿಳಾಸ ಕೊಟ್ಟೋರೂ ನೀವೇ," ಅತ್ತೆ ಮುಂದುವರಿಸಿದಳು. "ಅದರಲ್ಲೊಬ್ಬ ಹಿರಿಯ ವಿಜ್ಞಾನಿಗೆ ನಿನ್ನೆ ಫೋನು ಮಾಡಿದೆ. ಅವರು ಈ ಪೇಪರ್ ಕಂಡೇ ಇಲ್ಲ. ಆ ಮೇಲ್ ವಿಳಾಸವೂ ಅವರದ್ದಲ್ಲ. ಅವರ ಹೆಸರಲ್ಲಿ ನೀವು ತೆರೆದದ್ದು. ನಿಮ್ಮ ಪೇಪರುಗಳನ್ನ ನೀವೇ ಹೊಗಳ್ಕೊಳ್ಳೋಕೆ ತೆರೆದಿರಬೇಕು. ಆಮೇಲೆ ಬೇರೆ ಉಪಯೋಗ ಕಂಡಿತು."

ಪ್ರೊಫೆಸರ್ ಸ್ಟೂಲಿನ ಮೇಲೆ ಕುಸಿದರು. ಸುಳ್ಳು ಹೇಳುತ್ತಾರೆಂದು ಅಳಿಯ ಕಾದ. ಅವರು ಹೇಳಲಿಲ್ಲ.

"ನೀನು ಹೋದ್ರೆ ಇಲ್ಲಿ ಯಾರಿದ್ದಾರಮ್ಮ?" ಎಂದರು ಸಕ್ಕರೆಯ ಕಡೆ ತಿರುಗಿ. "ಸಮಿತಿ ಬಂದು ಏನು ನಡೀತಿದೆ ಅಂದ್ರೆ ನಾನು ಯಾರನ್ನ ತೋರಿಸ್ಲಿ? ಈ ಇರುವೆಗಳನ್ನ ಬದುಕಿಸೋಕೆ ನಿನ್ನೊಬ್ಬಳಿಗೇ ಬರೋದು. ಸಮಿತಿ ಬಂದು ಹೋಗೋ ತನಕ ಇರ್ಲಿ ಅಂದ್ಕೊಂಡೆ. ನೋಂದಣಿ ಮುಂದಕ್ಕೆ ಹಾಕಿಸಬಹುದು ಅಂತ ನಂಬಿ ಓಡಾಡಿದೆ, ವರದಿ ಕಳಿಸಿದ ಮೇಲೆ ಆಗಲ್ಲ ಅಂದ್ರು."

ಅತ್ತೆ ಸಕ್ಕರೆಯ ಕೈ ಹಿಡಿದಳು. "ನೋಡಮ್ಮ, ಮುಚ್ಚಿಡಲ್ಲ. ಸಂಪಾದಕರಿಗೆ ಬರೆದರೆ ಆ ಹಿರಿಯರೂ ಸಹಿ ಹಾಕ್ತಾರಂತೆ. ಆದ್ರೆ ಪೇಪರ್ ಮತ್ತೆ ಮೊದಲಿಂದ ಹೊಸ ವಿಮರ್ಶಕರಿಗೆ ಹೋಗುತ್ತೆ. ತಿಂಗಳ ಕೊನೆಗೆ ಆಗಲ್ಲ. ಬರೆಯೋದು ಬಿಡೋದು ನಿನ್ನಿಷ್ಟ."

"ಬರೆಯೋದ್ಯಾಕೆ?" ಪ್ರೊಫೆಸರ್ ತಟ್ಟನೆ ತಲೆಯೆತ್ತಿದರು. ಜೇಬಿನಿಂದ ಮೊಬೈಲು ತೆಗೆದರು. ಅವರ ಧ್ವನಿಯಲ್ಲಿ ಬೆಚ್ಚಗಿನ ಆಸೆಯೊಂದು ಮೂಡಿತ್ತು. "ಆ ವಿಳಾಸ ಇನ್ನೂ ನನ್ನ ಕೈಯಲ್ಲೇ ಇದೆ. ಈಗಲೇ, ನಿನ್ನ ಕಣ್ಣೆದುರೇ ಕಳಿಸ್ತೀನಿ, ಎಲ್ಲ ಸರಿಯಾಗಿದೆ, ಒಪ್ಪಿಕೊಳ್ಳಿ ಅಂತ. ವಾರದೊಳಗೆ ಒಪ್ಪಿಗೆ ಬರುತ್ತೆ. ಥೀಸಿಸ್‌ಗೆ ನಾಳೆನೇ ಸಹಿ ಹಾಕ್ತೀನಿ. ನಿನ್ನ ಕೆಲಸದಲ್ಲಿ ಸುಳ್ಳು ಏನೂ ಇಲ್ಲವಲ್ಲ! ಯಾರಿಗೆ ನಷ್ಟ?"

ಅಳಿಯನಿಗೆ ನಾಚಿಕೆಯಾದರೂ ನಿಜ ಇಷ್ಟು: ಆ ಕ್ಷಣ ಅವನು ಅವಳು ಒಪ್ಪಲಿ ಎಂದೇ ಬಯಸಿದ. ಕನ್ನಡಕದಣ್ಣನೂ ಮುಖವೆತ್ತಿದ್ದ.

ಸಕ್ಕರೆ ಗೂಡುಗಳ ಕಡೆ ಒಮ್ಮೆ ನೋಡಿದಳು. ಸೊಂಟದಿಂದ ಹೊಸ ಬೀಗದ ಕೀಲಿ ಬಿಚ್ಚಿ, ಮೂಲೆಗೆ ನಡೆದು ಕನ್ನಡಕದಣ್ಣನ ಅಂಗೈಯಲ್ಲಿಟ್ಟು ಅವನ ಬೆರಳು ಮಡಿಸಿದಳು. ಆಮೇಲೆ ಪ್ರೊಫೆಸರರ ಕಡೆ ತಿರುಗಿದಳು.

"ಬೇಡ ಸಾರ್," ಎಂದಳು.