ಬುಗುರಿ ಹುಟ್ಟಿದ ಜಾಗ

“ನಿಮ್ಮ ಕಾರ್ಖಾನೆ ಒಳಗೇ ನಾಲ್ಕು ತೋಟ ಇದೆಯಾ ಮೇಡಂ?”

ಫೋನಿನಲ್ಲಿ ಬಂದ ಪ್ರಶ್ನೆ ಕೇಳಿ ಅಮ್ಮ ಲೇತ್ ಮಷಿನ್ ನಿಲ್ಲಿಸಿದಳು. ಸ್ಪೀಕರ್ ಆನ್ ಇತ್ತು. ಪಕ್ಕದಲ್ಲಿ ಕೂತ ಚೂಟಿ ಬುಗುರಿಗೆ ಕೆಂಪು ಬಣ್ಣ ಹಚ್ಚುತ್ತ, “ನೀನು ಯಾವ ಊರಿಗೆ ಹೋಗ್ತೀಯೋ?” ಅಂತ ಅದನ್ನು ವಿಚಾರಿಸುತ್ತಿದ್ದಳು. ಈಗ ಅವಳ ಕಿವಿಯೂ ನೆಟ್ಟಗಾಯಿತು.

“ತೋಟ ಎಲ್ಲಿಂದ ಬರ್ಬೇಕು ಸರ್? ಇಲ್ಲಿ ಕಾಲಿಡೋಕೇ ಜಾಗ ಇಲ್ಲ,” ಅಂದಳು ಅಮ್ಮ.

“ಮತ್ತೆ ನೀವು ಕಳಿಸಿರೋ ಮ್ಯಾಪಲ್ಲಿ ನಾಲ್ಕು ಚುಕ್ಕೇನೂ ನಿಮ್ಮ ಕಾರ್ಖಾನೆ ಮೇಲೇ ಕೂತಿವೆಯಲ್ಲ,” ಅಂದರು ಆರ್ಡರ್ ಕೊಡಿಸಿದ ಏಜೆಂಟ್. “ನಾಳೆ ಸಂಜೆ ಐದರೊಳಗೆ ಸರಿಯಾದ ಮ್ಯಾಪ್ ಬೇಕು. ಇಲ್ಲದಿದ್ರೆ ಆರ್ಡರ್ ಬೇರೆಯವರ ಪಾಲು.”

ಚೂಟಿ ಕೈಯಲ್ಲಿದ್ದ ಬುಗುರಿಯನ್ನು ಕೆಳಗಿಟ್ಟಳು.

ದೂರದ ದೇಶದ ಆಟಿಕೆ ಅಂಗಡಿಯೊಂದು ಅಮ್ಮನ ಬುಗುರಿಗಳನ್ನು ಕೇಳಿತ್ತು. ಹತ್ತು ದೊಡ್ಡ ಡಬ್ಬದ ತುಂಬ! ಅಮ್ಮನ ಬುಗುರಿ ಸಮುದ್ರ ದಾಟುವುದು ಇದೇ ಮೊದಲು. ಆದರೆ ಕಾಡು ಕಡಿದ ಜಾಗದ ಮರ ಆಗಕೂಡದು, ಮರ ಬೆಳೆದ ಜಾಗವನ್ನು ಮ್ಯಾಪಿನಲ್ಲಿ ತೋರಿಸಬೇಕು ಅನ್ನುವುದು ಅಲ್ಲಿಯ ರೂಲು.

ಅದಕ್ಕೇ ಅಮ್ಮ ನಾಲ್ಕು ತೋಟಗಳ ಮರವನ್ನು ಬೆರೆಸದೆ ನಾಲ್ಕು ರಾಶಿ ಹಾಕಿದ್ದಳು. ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್. ಬುಗುರಿಯ ಮೊಳೆಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಅದೇ ನಂಬರ್. “ಫೋನಿನ ಕೆಲಸ ನೀನೇ ಮಾಡು, ನಂಗೆ ತಲೆಬುಡ ಅರ್ಥ ಆಗಲ್ಲ,” ಅಂತ ಮ್ಯಾಪನ್ನು ಮಾತ್ರ ಮಗಳಿಗೆ ಬಿಟ್ಟಿದ್ದಳು.

“ಏನೇ ಚೂಟಿ, ಏನು ಮಾಡಿದೆ?”

“ಅದು... ಮರದ ಜಾಗಕ್ಕೆ ಹೋಗಿ ಬಟನ್ ಒತ್ತಿ ಅಂತ ಆ್ಯಪ್ ಹೇಳ್ತು. ನಾನು ಹೋಗಿ ಒತ್ತಿದೆ.”

“ಎಲ್ಲಿಗೆ ಹೋಗಿದ್ದೆ?”

ಚೂಟಿ ಮೆಲ್ಲಗೆ ಬೆರಳು ತೋರಿಸಿದಳು. ಮೂಲೆಯಲ್ಲಿದ್ದ ಮರದ ರಾಶಿಗಳ ಕಡೆಗೆ. ಒಂದೊಂದರ ಮೇಲೂ ಹತ್ತಿ ನಿಂತು, ಬಹಳ ಜವಾಬ್ದಾರಿಯಿಂದ ಬಟನ್ ಒತ್ತಿದ್ದಳು ಪುಣ್ಯಾತ್ಗಿತ್ತಿ.

ಅಮ್ಮ ರಾಶಿಗಳನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂದಲಿಗೆ ಅಂಟಿದ್ದ ಮರದ ಹೊಟ್ಟೆಲ್ಲ ಉದುರಿತು. ಚೂಟಿಗೆ ಅಳು ಬರುವುದರಲ್ಲಿತ್ತು, ನಗು ಬಂತು.

“ಬೆಳಿಗ್ಗೆ ಬೇಗ ಏಳು. ಸ್ಕೂಟರ್‌ನಲ್ಲಿ ತೋಟಗಳಿಗೇ ಹೋಗೋಣ,” ಅಂದಳು ಅಮ್ಮ.

ಮರುದಿನ ರಜೆ. ಮಧ್ಯಾಹ್ನದ ಹೊತ್ತಿಗೆ ಮೂರು ತೋಟ ಮುಗಿದವು. ನಾಲ್ಕನೆಯದು ಹಳ್ಳದ ಆಚೆಗಿತ್ತು. ತೋಟದ ಅಜ್ಜಿ ಗೇಟು ತೆರೆಯುತ್ತಿದ್ದಂತೆ ಚೂಟಿ ಫೋನ್ ಎತ್ತಿದಳು.

“ತಡಿಯೇ. ಗೇಟಲ್ಲಿ ಮರ ಬೆಳೆದಿತ್ತಾ?” ಅಂದರು ಅಜ್ಜಿ. “ಬಾ ಒಳಗೆ.”

ಹಳ್ಳದ ದಂಡೆಯಲ್ಲಿ ಕಡಿದ ಮರದ ಅಗಲವಾದ ಬೊಡ್ಡೆ ಇತ್ತು. ಅದರ ಅಂಚಿನಿಂದ ಎಳೆ ಚಿಗುರುಗಳು ಎದ್ದಿದ್ದವು.

“ನಮ್ಮತ್ತೆ ನೆಟ್ಟಿದ್ದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಸೊಂಟದಷ್ಟಿತ್ತು.”

“ಕಡಿಯುವಾಗ ಬೇಜಾರಾಗ್ಲಿಲ್ವಾ ಅಜ್ಜಿ?”

“ಆಯ್ತು ಕಣೆ, ಸುಳ್ಳು ಯಾಕೆ ಹೇಳ್ಲಿ? ಅವತ್ತು ಊಟಾನೇ ಸೇರಲಿಲ್ಲ. ಮಾರನೇ ದಿನ ಬಂದು ಇವೆರಡನ್ನ ನೆಟ್ಟೆ.” ಪಕ್ಕದಲ್ಲಿ ಎರಡು ಸಸಿಗಳಿದ್ದವು. ಚೂಟಿ ಹತ್ತಿರ ಹೋಗಿ ನಿಂತಳು. ಅವಳ ಮೊಣಕಾಲಿನಷ್ಟೇ ಎತ್ತರ.

ಸಸಿಗಳನ್ನು ತುಳಿಯದಂತೆ ಬೊಡ್ಡೆಯ ಪಕ್ಕ ನಿಂತು ಅವಳು ಬಟನ್ ಒತ್ತಿದಳು. ಮ್ಯಾಪಿನಲ್ಲಿ ಚುಕ್ಕೆ ಹಸಿರಿನ ನಡುವೆ ಹೋಗಿ ಕೂತಿತು.

ಕಾರ್ಖಾನೆಗೆ ಮರಳಿದ ಮೇಲೆ, ಐದಕ್ಕೆ ಹತ್ತು ನಿಮಿಷ ಇರುವಾಗ ಏಜೆಂಟರ ಮೆಸೇಜು ಬಂತು: “ನಾಲ್ಕೂ ಸರಿ ಇದೆ. ಪ್ಯಾಕ್ ಮಾಡಿ.”

ಅಮ್ಮ ಮಗಳ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದಳು. ತಲೆ ಸುತ್ತಿ ಇಬ್ಬರೂ ಹೊಟ್ಟಿನ ಮೇಲೆ ಕುಸಿದು ಕೂತು ನಕ್ಕರು.

ಆಮೇಲೆ ಡಬ್ಬ ತುಂಬುವ ಕೆಲಸ. ಚೂಟಿಯ ಕೈಗೆ ಆ ಕೆಂಪು ಬುಗುರಿ ಬಂತು. ಯಾವ ಊರಿಗೆ ಹೋಗ್ತೀಯ ಅಂತ ಅವಳು ಕೇಳಲಿಲ್ಲ. ತಿರುಗಿಸಿ, ಮೊಳೆಯ ಪಕ್ಕ ನೋಡಿದಳು. ನಾಲ್ಕು.

“ಓಹೋ, ನೀನು ಅಜ್ಜಿ ಮನೆಯವನು,” ಅಂದಳು. ಅದಕ್ಕೆ ಪೆಟ್ಟಾಗದಂತೆ ಕಾಗದ ಸುತ್ತಿ, ಡಬ್ಬದೊಳಗೆ ಮೆಲ್ಲಗೆ ಇಟ್ಟಳು.