ಕುರ್ಚಿ ಏರಿಸಿದವರು ಯಾರು?

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬಂದು ಕೂತವಳ ಕಾಲು ನೆಲಕ್ಕೆ ತಾಗಲಿಲ್ಲ.

ಬಗ್ಗಿ ನೋಡಿದಳು. ನೆಲ ಇದ್ದಲ್ಲೇ ಇತ್ತು, ಕುರ್ಚಿ ಮೇಲೇರಿತ್ತು. ಪಕ್ಕದ ಹಿಡಿ ಒತ್ತಿ ಇಳಿಸುವಷ್ಟರಲ್ಲಿ ತಲೆಯೊಳಗೆ ವಿಚಾರಣೆ ಶುರುವಾಗಿತ್ತು. ಗುರುವಾರ ಆಫೀಸಿಗೆ ರಜೆ. ಆ ದಿನ ಅವಳು ಚಂದಾ ಕೇಳುತ್ತಾ ಊರು ಸುತ್ತುತ್ತಾಳೆ. ಹಾಗಾದರೆ ಇಲ್ಲಿ ಕೂತವರು ಯಾರು?

ಲಾಂಡ್ರಿಯ ಮೇಲಿನ ಈ ಒಂದೇ ಕೋಣೆ ಅವಳ ಟ್ರಸ್ಟಿನ ಆಫೀಸು. ಕಡಲಾಚೆಯ ದೇಶವೊಂದರ ಗುಡ್ಡದ ಶಾಲೆಗೆ ಇಲ್ಲಿಂದ ಪುಸ್ತಕ, ಬ್ಯಾಗು, ಫೀಸು ಹೋಗುತ್ತವೆ. ಅಲ್ಲಿನ ಮಕ್ಕಳಿಗೆ ವಿಡಿಯೋ ಕಾಲ್‌ನಲ್ಲಿ ಇಂಗ್ಲಿಷ್ ಓದಿಸುವ ಕ್ಲಾಸೂ ನಡೆಯುತ್ತದೆ. ಮೊದಲು ಜೊತೆಗಿದ್ದ ಮಾತಿನ ಮಲ್ಲನೊಬ್ಬ ಅದೇ ಮಕ್ಕಳ ಫೋಟೋ ತೋರಿಸಿ ತನ್ನ ಜೇಬು ತುಂಬಿಸಿಕೊಂಡು ಕೈಕೊಟ್ಟಿದ್ದ. ಆಮೇಲೆ ಅವಳು ಯಾರನ್ನೂ ನಂಬಿದವಳಲ್ಲ. ಮಕ್ಕಳ ಜೊತೆ ಕಾಲ್‌ನಲ್ಲಿ ದೊಡ್ಡವರು ಒಬ್ಬರೇ ಕೂರುವಂತಿಲ್ಲ ಎಂಬುದು ಅವಳು ಮಾಡಿದ ನಿಯಮ. ಕೆಳಗೆ ಲಾಂಡ್ರಿ ನಡೆಸುವ ಚಿಕ್ಕಮ್ಮ ಅವಳನ್ನು ಕರೆಯುವುದೇ ಇನ್ಸ್‌ಪೆಕ್ಟರ್ ಎಂದು.

ಈ ಕೋಣೆಗೆ ಬಂದು ಹೋಗುವವರಲ್ಲಿ ಉದ್ದ ಕಾಲಿನವನು ಒಬ್ಬನೇ. ಎದುರು ಬೀದಿಯ ಕನ್ನಡಕದ ಅಂಗಡಿಯವನು.

ಬೋರ್ಡು ಕಾಣದ ಮಕ್ಕಳಿಗೆ ಕನ್ನಡಕ ಮಾಡಿಕೊಡಲು ಅವನು ತಾನಾಗಿ ಬಂದಿದ್ದ. ಮಾತು ಕಡಿಮೆ. ಮೇಜಿನ ಆಚೆ ಕೂತು ಫ್ರೇಮು ತಿದ್ದುತ್ತಾ ಅವಳನ್ನು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಸಾಕು, ಜಗತ್ತಿನಲ್ಲಿ ಆ ಫ್ರೇಮೊಂದೇ ಇದೆ ಎಂಬಂತೆ ಕಣ್ಣು ಇಳಿಸುತ್ತಿದ್ದ. ಒಮ್ಮೆ ಅವಳ ಕನ್ನಡಕ ಸಡಿಲವಾಗಿತ್ತು. ಸರಿಮಾಡಿ ಅವನೇ ತೊಡಿಸುವಾಗ ಬೆರಳು ಕಿವಿಯ ಹಿಂದೆ ತಾಗಿತು. ಆ ದಿನ ಇನ್ಸ್‌ಪೆಕ್ಟರ್ ಇಬ್ಬರು ದಾನಿಗಳ ಈಮೇಲುಗಳನ್ನು ಅದಲುಬದಲಾಗಿ ಕಳಿಸಿದ್ದಳು.

ಮಧ್ಯಾಹ್ನ ಅವನು ಕನ್ನಡಕದ ಡಬ್ಬಿ ಹೊತ್ತು ಬಂದ.

"ನಿನ್ನೆ ಎಲ್ಲಿದ್ರಿ?"

ಅವನು ಬಾಯಿ ತೆರೆದು ಕಿಟಕಿಯತ್ತ ನೋಡಿದ. "ನಾನು... ಅಂ..."

"ಅಂಗಡೀಲಾ?"

ಅವನು ಹೌದೋ ಅಲ್ಲವೋ ತಿಳಿಯದಂತೆ ತಲೆಯಾಡಿಸಿದ.

"ಅಂಗಡಿ ಬಾಗಿಲು ಹಾಕಿತ್ತಲ್ಲ. ನಾನೇ ನೋಡಿದೆ."

ಅವನ ಕೈ ಶರ್ಟಿನ ಕಾಲರ್‌ಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

"ಇಲ್ಲಿಗೆ ಬಂದಿದ್ರಾ?"

"ಗೊತ್ತಿಲ್ಲ," ಎಂದ. ಈ ಮಾತು ಮಾತ್ರ ಥಟ್ಟನೆ ಬಂತು.

"ಬಂದ್ರೋ ಇಲ್ವೋ ಅನ್ನೋದೂ ಗೊತ್ತಿಲ್ವಾ ನಿಮಗೆ?"

ಅವನು ಡಬ್ಬಿ ಇಟ್ಟು ಮೆಟ್ಟಿಲಿಳಿದು ಹೋದ. ಅವಳು ಹಿಂದೆಯೇ ಇಳಿದು ಚಿಕ್ಕಮ್ಮನನ್ನು ಹಿಡಿದಳು.

"ಮೇಲಿನ ಕೀ ಯಾರಿಗಾದ್ರೂ ಕೊಟ್ಟಿದ್ಯಾ?"

"ಕೊಟ್ಟಿದ್ರೆ ಏನು, ಅರೆಸ್ಟ್ ಮಾಡ್ತೀಯಾ?"

"ಚಿಕ್ಕಮ್ಮ, ಆ ಮನುಷ್ಯ ಏನೋ ಮುಚ್ಚಿಡ್ತಿದ್ದಾನೆ."

"ಅವನೊಬ್ನೇನಾ? ಅವನು ಬರೋ ದಿನ ಮಾತ್ರ ನಿನಗೆ ಇಸ್ತ್ರಿ ಬಟ್ಟೆ ಬೇಕು. ನಾನೇನು ಕೇಳಿದ್ನಾ?"

ಅವಳಿಗೆ ನಗು ಬರಲಿಲ್ಲ. ಅವನು ಆ ಕುರ್ಚಿಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಮಕ್ಕಳ ಜೊತೆ ಗುಟ್ಟಾಗಿ ಮಾತಾಡುತ್ತಿದ್ದರೆ ಅವನನ್ನು ಹೊರಗೆ ಹಾಕಲೇಬೇಕು, ಶಾಲೆಗೂ ತಿಳಿಸಬೇಕು. ಮತ್ತೊಮ್ಮೆ ಮೋಸ ಎಂದರೆ ಶಾಲೆ ಟ್ರಸ್ಟನ್ನು ನಂಬುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅವನೂ ಅಂಥವನೇ ಆದರೆ ಅವಳು ತನ್ನ ಮನಸ್ಸನ್ನೇ ಇನ್ನು ನಂಬಲಾರಳು. ಅವನನ್ನು ಅವಳು ಪ್ರೀತಿಸುತ್ತಿದ್ದಳು, ಅದಕ್ಕೇ ಅವಳಿಗೆ ತನ್ನ ಮೇಲೆ ವಿಪರೀತ ಸಿಟ್ಟಿತ್ತು.

ಮುಂದಿನ ಗುರುವಾರ ಬ್ಯಾಗು ಹೆಗಲಿಗೇರಿಸಿ ಎಲ್ಲರಿಗೂ ಕಾಣುವಂತೆ ಹೊರಟಳು. ಬೀದಿಯ ತಿರುವಿನವರೆಗೆ ಹೋಗಿ ಸ್ವಲ್ಪ ಹೊತ್ತು ಕಾದು ಹಿಂದಿರುಗಿದಳು. ಲಾಂಡ್ರಿಯಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು.

ಬಾಗಿಲಾಚೆ ಮಕ್ಕಳು ಇಂಗ್ಲಿಷ್ ಕಥೆಯೊಂದನ್ನು ಒಟ್ಟಾಗಿ ಓದುತ್ತಿದ್ದರು. ಅವರ ನಡುವೆ ಒಂದು ಗಂಡಸಿನ ದನಿ. ಎಲ್ಲೂ ಎಡವದೆ, ನೀರು ಹರಿದಂತೆ.

ಅವನದೇ ದನಿ! ಅವಳೆದುರು ಎರಡಕ್ಷರಕ್ಕೆ ತಡಕಾಡುವ ಬಾಯಿ ಇಲ್ಲಿ ಇಷ್ಟು ಸರಾಗವೆ? ಹಾಗಾದರೆ ಆ ಸಂಕೋಚವೆಲ್ಲ ನಾಟಕ. ಇವನೂ ಮಾತಿನ ಮಲ್ಲನೇ. ಅವಳ ಕಣ್ಣು ತುಂಬಿತು. ಬಾಗಿಲು ತಳ್ಳಿದಳು.

ಎತ್ತರಿಸಿದ ಕುರ್ಚಿಯಲ್ಲಿ ಅವನು ಕೂತಿದ್ದ. ಮೂಲೆಯಲ್ಲಿ ಚಿಕ್ಕಮ್ಮ ಗಿರಾಕಿಗಳ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಳು.

"ನಿನ್ನ ನಿಯಮ ಮುರಿದಿಲ್ಲ ಕಣೇ," ಎಂದಳು ಚಿಕ್ಕಮ್ಮ. "ದೊಡ್ಡವರು ಇಬ್ರಿದೀವಿ."

"ಏನಿದೆಲ್ಲ?" ಅವಳು ಕೇಳಿದ್ದು ಅವನನ್ನು.

ಅವನ ತುಟಿ ಅಲುಗಿತು. ಕತ್ತಿನ ನರ ಬಿಗಿಯಿತು. "ನ... ನ... ನನ್ನ..."

"ನನ್ನ ತಪ್ಪಿಲ್ಲ ಅಂತೀರಾ? ನಂಬಿ ಅಂತೀರಾ?"

ಅವನು ತಲೆ ತಗ್ಗಿಸಿದ.

"ಅವನಿಗೆ ಮಾತು ತೊದಲುತ್ತೆ," ಎಂದಳು ಚಿಕ್ಕಮ್ಮ, ಕಾಲುಚೀಲ ಕೆಳಗಿಟ್ಟು. "ಚಿಕ್ಕಂದಿನಿಂದ. ಯಾರಿಗೂ ಗೊತ್ತಾಗ್ಬಾರ್ದು ಅಂತ ಸಲೀಸಾಗಿ ಬರೋ ಮಾತು ಮಾತ್ರ ಆಡ್ತಾನೆ, ಬಾರದ್ದು ಆಡೋದೇ ಇಲ್ಲ. ಮಕ್ಕಳ ಜೊತೆ ಒಟ್ಟಿಗೆ ಓದಿದ್ರೆ ಮಾತ್ರ ತೊದಲಲ್ಲ. ಅದಕ್ಕೇ ಅಭ್ಯಾಸ ಮಾಡ್ತಿದ್ದ. ನಿನಗೆ ಹೇಳ್ಬೇಡಿ ಅಂದಿದ್ದ."

ಅವಳಿಗೆ ನೆನಪಾಯಿತು: ಅವನಾಗಿ ಅವನು ಸುಳ್ಳು ಕಟ್ಟಿರಲಿಲ್ಲ; ಆವತ್ತಿನ 'ಗೊತ್ತಿಲ್ಲ' ಕೂಡ ಅವನಿಗೆ ಸಲೀಸಾಗಿ ಬರುವ ಮಾತಷ್ಟೇ. ಅವನು ಅರ್ಧಕ್ಕೆ ನಿಲ್ಲಿಸಿದ್ದಕ್ಕೆಲ್ಲ ಸುಳ್ಳು ಜೋಡಿಸಿ ಅವನ ಬಾಯಿಗೆ ತುರುಕಿದವಳು ಅವಳೇ. ಅಂಗಡಿ ಎಂದದ್ದೂ ಅವಳೇ.

"ಅಂದ್ರೆ ನೀವು ಆವತ್ತು ಹೇಳೋಕೆ ಹೊರಟಿದ್ದು..."

ಪರದೆಯಲ್ಲಿ ಹೊಸ ಕನ್ನಡಕದ ಹುಡುಗಿಯೊಬ್ಬಳು ಕೈ ಎತ್ತಿದಳು. ಬಿಡಿಬಿಡಿ ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟು: "ಮೇಡಂ, ಓದುವವರು ನಿಂತರೆ ಬೇರೆಯವರು ಹೇಳಿಕೊಡಬಾರದು. ಕಾಯಬೇಕು. ನೀವೇ ಮಾಡಿದ ನಿಯಮ."

ಉಳಿದ ಮಕ್ಕಳೂ ಹೌದೆಂದು ತಲೆಯಾಡಿಸಿದರು. ಇನ್ಸ್‌ಪೆಕ್ಟರ್ ಬಾಯಿ ಮುಚ್ಚಿಕೊಂಡಳು.

ಅವನು ಎದ್ದು ಅವಳ ಮುಂದೆ ಬಂದು ನಿಂತ. ಈ ಸಲ ಕಣ್ಣು ಇಳಿಸಲಿಲ್ಲ.

"ನ... ನನಗೆ... ನಿಮ್ಮ ಮೇಲೆ ಪ್ರ... ಪ್ರ..."

ಅವಳ ನಾಲಗೆಯ ತುದಿಯಲ್ಲಿ ಆ ಪದ ಸಿದ್ಧವಾಗಿತ್ತು. ಹಲ್ಲು ಕಚ್ಚಿ ಹಿಡಿದಳು. ಕೆಳಗೆ ಬೀದಿಯಲ್ಲಿ ಯಾವುದೋ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು. ಅದೂ ಹೊರಟುಹೋಯಿತು. ಚಿಕ್ಕಮ್ಮನ ಕೈಯಲ್ಲಿ ಒಂಟಿ ಕಾಲುಚೀಲ ಹಾಗೇ ಉಳಿಯಿತು.

"...ಪ್ರೀತಿ."

ಹಣೆಯ ಬೆವರು ಒರೆಸಿಕೊಂಡ. ಆಮೇಲೆ ನಿಧಾನವಾಗಿ, ತಡೆತಡೆದು ಹೇಳಿದ: "ಇಷ್ಟ ಅಂತ... ಸುಲಭವಾಗಿ ಹೇಳ್ಬಹುದಿತ್ತು. ಅದು... ಸಾ... ಸಾಲ್ತಿರ್ಲಿಲ್ಲ."

ಕಡಲಾಚೆ ಚಪ್ಪಾಳೆ ಎದ್ದಿತು. ಯಾಕೆಂದು ಆ ಮಕ್ಕಳಿಗೆ ತಿಳಿದಿತ್ತೋ ಇಲ್ಲವೋ, ಒಬ್ಬರು ಓದಿ ಮುಗಿಸಿದಾಗ ತಟ್ಟುವುದು ಅವರ ರೂಢಿ.

"ಉತ್ತರ ಕೊಡೇ," ಎಂದಳು ಚಿಕ್ಕಮ್ಮ. "ಇದಕ್ಕೂ ಸಾಕ್ಷಿ ಬೇಕಾ?"

ಅವಳಿಗೆ ಮಾತು ಹೊರಡಲಿಲ್ಲ. ಅವನು ಕಾದ. ಯಾವ ಪದವನ್ನೂ ಜೋಡಿಸದೆ, ಒಂದಿಷ್ಟೂ ಅವಸರವಿಲ್ಲದೆ ಕಾದ. ತನಗಾಗಿ ಹೀಗೆ ಯಾರೂ ಕಾದದ್ದು ಅವಳಿಗೆ ನೆನಪಿರಲಿಲ್ಲ.

ಅವಳು ಹೋಗಿ ಕುರ್ಚಿಯ ಮೇಲೆ ಕೂತಳು. ಕಳೆದ ವಾರ ಮಾತ್ರ ಮರೆತಿದ್ದ ಅಭ್ಯಾಸದಂತೆ ಅವನ ಕೈ ಅದನ್ನು ಇಳಿಸಲು ಹಿಡಿಯತ್ತ ಚಾಚಿತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಇಳಿಸ್ಬೇಡಿ," ಎಂದಳು. "ನಿಮ್ಮ ಎತ್ತರಕ್ಕೇ ಇರ್ಲಿ."